ಕೈಬದಲಾದ ಕಾರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಮಾಡುವ ಕೆಲಸ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು. ಮಾರುವವನು ಎತ್ತಿನ ಮೈ ತೊಳೆದಿರುತ್ತಾನೆ. ಕೊಂಬು ಹೆರೆದು ಎಣ್ಣೆ ಹಚ್ಚಿರುತ್ತಾನೆ. ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿರುತ್ತಾನೆ. ಕೊಳ್ಳುವವನು ಇದನ್ನೆಲ್ಲ ಕಂಡು ಸಂತೋಷಪಡುವುದುಂಟು, ಆದರೆ ಅದಕ್ಕೆ ದುಡ್ಡು ಕೊಡುವುದಿಲ್ಲ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂಬುದರ ಮೇಲೆ ಅವನ ಲೆಕ್ಕ. ಕೊಂಬಿಗೆ ಎಣ್ಣೆ ಹಚ್ಚುವುದು ಸುಲಭ, ಹಲ್ಲು ತಿದ್ದುವುದು ಕಷ್ಟ. ಮಾರುವವನ ಕೈ ಎಲ್ಲಿಗೆ ಸುಲಭವಾಗಿ ಹೋಗುವುದಿಲ್ಲವೋ ಅಲ್ಲಿಗೆ ಕೊಳ್ಳುವವನ ಕಣ್ಣು ಹೋಗಬೇಕು.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಮೋಟಾರು ಕಾರಿನ ವಿಚಾರವಾಗಿ ನಾನು ಹೇಳಬೇಕೆಂದಿರುವುದೂ ಹೆಚ್ಚುಕಡಮೆ ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಕೈತೊಳೆದುಕೊಂಡರೆ ನಿಮಗೆ ಪ್ರಯೋಜನವಿಲ್ಲ. ಕಾರಿನ ಕೊಂಬು ಯಾವುದು, ಹಲ್ಲು ಯಾವುದು ಎಂದು ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಂಸಾರ ಹೂಡಿ, ಐದಾರು ಲಕ್ಷ ರೂಪಾಯಿ ಕೂಡಿಟ್ಟು, ಅಪ್ಪ ಅಮ್ಮ ಮಕ್ಕಳೆಲ್ಲ ಒಟ್ಟಿಗೆ ಕೂತು ಊರಿಗೆ ಹೋಗಿಬರುವಂಥ ಒಂದು ಗಾಡಿ ಬೇಕೆಂದು ಹುಡುಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಇಂಥವರು ಈಗ ಹೆಚ್ಚಾಗಿ ಕೇಳುವುದು ‘ಕಾಂಪ್ಯಾಕ್ಟ್ ಎಸ್.ಯು.ವಿ.’ ಎಂಬ ಜಾತಿಯ ಗಾಡಿಯನ್ನು.

ಈ ಜಾತಿ ಹುಟ್ಟಿದ್ದಕ್ಕೆ ತೆರಿಗೆಯ ಒಂದು ಕಾರಣವಿದೆ. ೨೦೦೬ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳಿಗೆ ಅಬಕಾರಿ ಸುಂಕವನ್ನು ಇಳಿಸಿದರು. ಸಣ್ಣ ಕಾರು ಎಂದರೆ ಉದ್ದ ನಾಲ್ಕು ಮೀಟರು ಮೀರಕೂಡದು. ಎಂಜಿನ್ನು ಪೆಟ್ರೋಲಿನದಾದರೆ ೧೨೦೦ ಸಿ.ಸಿ., ಡೀಸೆಲಿನದಾದರೆ ೧೫೦೦ ಸಿ.ಸಿ. ಮೀರಕೂಡದು. ಜನಕ್ಕೆ ಬೇಕಾದದ್ದು ಎತ್ತರದ ಗಾಡಿ, ಸರಕಾರ ರಿಯಾಯಿತಿ ಕೊಟ್ಟದ್ದು ಗಿಡ್ಡ ಗಾಡಿಗೆ. ಎರಡನ್ನೂ ಕೂಡಿಸಿದಾಗ ೨೦೧೩ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಬಂತು; ೨೦೧೬ರಲ್ಲಿ ಮಾರುತಿಯ ವಿಟಾರಾ ಬ್ರೆಝಾ, ೨೦೧೭ರಲ್ಲಿ ಟಾಟಾ ನೆಕ್ಸಾನ್, ೨೦೧೯ರಲ್ಲಿ ಹ್ಯುಂಡೈ ವೆನ್ಯೂ ಬಂದವು. ಬ್ರೆಝಾದ ಉದ್ದ ೩೯೯೫ ಮಿಲಿಮೀಟರು. ಐದು ಮಿಲಿಮೀಟರು ಉಳಿಸಿದ್ದೇ ಜಾಣತನ!

ಹೆಸರು ದೊಡ್ಡದು, ರೂಪ ಜೀಪಿನದು. ಆದರೆ ಇವುಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳಿಂದ ನಡೆಯುವ ಗಾಡಿಗಳು. ಸಣ್ಣ ಕಾರಿನ ತಳಹದಿಯ ಮೇಲೆ ಎತ್ತರದ ಮೈ ಕಟ್ಟಿದವು. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ ಬ್ರೆಝಾದಲ್ಲಿ ೧೯೮, ಇಕೋಸ್ಪೋರ್ಟಿನಲ್ಲಿ ೨೦೦ ಮಿಲಿಮೀಟರು, ಅಂದರೆ ಒಂದು ಗೇಣಿಗಿಂತ ಚೂರು ಕಡಿಮೆ. ನಮ್ಮ ರಸ್ತೆಯ ಉಬ್ಬುತಗ್ಗುಗಳಿಗೆ ಇದು ಧಾರಾಳವಾಗಿ ಸಾಕು. ಮಡಿಕೇರಿಯ ಹತ್ತಿರ ಮಾಂದಲಪಟ್ಟಿಗೆ ಹೋಗುವಂಥ ಜೀಪಿನ ಜಾಡಿಗೆ ಸಾಲದು. ಮೊದಲಿನ ಯಜಮಾನನಿಗೆ ಈ ವ್ಯತ್ಯಾಸ ತಿಳಿದಿತ್ತೇ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಬೇಕು. ಅದನ್ನು ಅವನನ್ನು ಕೇಳಿ ಪ್ರಯೋಜನವಿಲ್ಲ. ಗಾಡಿಯ ಹೊಟ್ಟೆಯನ್ನು ಕೇಳಬೇಕು. ಗ್ಯಾರೇಜಿನ ಲಿಫ್ಟಿನ ಮೇಲೆ ಏರಿಸಿ, ಕೆಳಗೆ ನಿಂತು ನೋಡಿ. ಎಂಜಿನ್ನಿನ ಕೆಳಗಿನ ತಟ್ಟೆ ಕಲ್ಲಿಗೆ ಬಡಿದು ನೆಗ್ಗಿದೆಯೇ, ಹೊಗೆ ಕೊಳವೆ ಚಪ್ಪಟೆಯಾಗಿದೆಯೇ, ಅಚ್ಚಿನ ತುದಿಗಳ ರಬ್ಬರು ಚೀಲ ಹರಿದು ಗ್ರೀಸು ಸಿಡಿದಿದೆಯೇ, ಎಲ್ಲಾದರೂ ಎಣ್ಣೆಯ ಪಸೆ ಇದೆಯೇ? ತೊಳೆದು ಒರೆಸಿದ ಕಾರಿನಲ್ಲಿಯೂ ಈ ಜಾಗ ಸಾಮಾನ್ಯವಾಗಿ ತೊಳೆಯದೆ ಉಳಿದಿರುತ್ತದೆ. ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅದನ್ನು ಆರೈಕೆಯ ಗುರುತೆಂದು ತಿಳಿಯುವ ಮೊದಲು, ಯಾವಾಗ ಬಳಿಸಿದ್ದು, ಏಕೆ ಬಳಿಸಿದ್ದು ಎಂದು ಕೇಳಿ.

ಕಾರಿನ ನಂಬರು ಹಲಗೆಯೂ ಇಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ. ಕೆ.ಎ. ೧೯ ಎಂದರೆ ಮಂಗಳೂರು, ೨೦ ಎಂದರೆ ಉಡುಪಿ. ಕಡಲ ಗಾಳಿಯಲ್ಲಿ, ವರ್ಷದ ನಾಲ್ಕು ತಿಂಗಳ ಜಡಿಮಳೆಯಲ್ಲಿ ಬೆಳೆದ ಗಾಡಿಗೆ ತುಕ್ಕಿನ ಭಯ ಹೆಚ್ಚು. ಬಾಗಿಲಿನ ಕೆಳಅಂಚನ್ನು ಬೆರಳಿನಿಂದ ಸವರಿ, ಚಕ್ರದ ಗೂಡಿನೊಳಗೆ ಟಾರ್ಚು ಹಾಕಿ ನೋಡಿ. ಬಣ್ಣದ ಕೆಳಗೆ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಎಂದು ಅರ್ಥ. ಇದಕ್ಕೆಂದೇ ಕರಾವಳಿಯ ಕಾರು ಬೇಡವೆನ್ನುವುದು ಅನ್ಯಾಯ. ಹೊರಗೆ ಬಿಸಿಲಿಗೆ ಮಳೆಗೆ ನಿಂತ ಬೆಂಗಳೂರಿನ ಕಾರಿಗಿಂತ, ಮಂಗಳೂರಿನ ಮನೆಯ ಶೆಡ್ಡಿನಲ್ಲಿ ನಿಂತ ಕಾರು ಎಷ್ಟೋ ಮೇಲಾಗಿರಬಹುದು.

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಬರೋಣ: ಗಾಡಿ ಎಷ್ಟು ಓಡಿದೆ?

“ಡಾಕ್ಟರ ಗಾಡಿ ಸಾರ್, ಮನೆ-ಆಸ್ಪತ್ರೆ, ಆಸ್ಪತ್ರೆ-ಮನೆ, ಅಷ್ಟೇ ಓಡಿರೋದು. ಒಂದು ಗೀಟು ಬಿದ್ದಿಲ್ಲ ನೋಡಿ.”

ಹಳೆಯ ಕಾರಿನ ದಲ್ಲಾಳಿಗಳು ಹೇಳುವುದನ್ನೆಲ್ಲ ನಂಬುವುದಾದರೆ ನಮ್ಮ ನಾಡಿನ ವೈದ್ಯರು ರೋಗಿಗಳನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತನ್ನು ಕಾರು ಮಾರುವುದರಲ್ಲಿ ಕಳೆಯುತ್ತಾರೆನ್ನಬೇಕು. ಇರಲಿ. ಮೀಟರಿನಲ್ಲಿ ಕಾಣುವ ಕಿಲೋಮೀಟರಿನ ಅಂಕಿ ಕೊಂಬಿಗೆ ಹಚ್ಚಿದ ಎಣ್ಣೆಯ ಜಾತಿಗೆ ಸೇರಿದ್ದು. ಮುಳ್ಳಿನ ಮೀಟರು ಹೋಗಿ ವಿದ್ಯುತ್ ಅಂಕಿಯ ಮೀಟರು ಬಂದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸಲು ಸ್ಕ್ರೂಡ್ರೈವರೂ ಬೇಡವಾಗಿದೆ; ಒಂದು ಸಣ್ಣ ಯಂತ್ರ ಸಿಕ್ಕಿಸಿದರೆ ಸಾಕು. ತಿರುಗಿಸಲಾಗದ್ದು ಏನು? ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಪ್ರತಿ ಸಲವೂ ಬರೆದುಕೊಂಡ ಅಂಕಿ. ಅದು ಅವರ ದಾಖಲೆಯಲ್ಲಿ ದಿನಾಂಕ ಸಹಿತ ಉಳಿದಿರುತ್ತದೆ. ಯಜಮಾನನನ್ನು ಜೊತೆಗೆ ಕರೆದುಕೊಂಡು ಹೋಗಿ, ಅಥವಾ ಅವನಿಂದಲೇ ಕೇಳಿಸಿ, ಆ ಚರಿತ್ರೆಯನ್ನು ತರಿಸಿಕೊಳ್ಳಿ. ೨೦೧೯ರಲ್ಲಿ ೬೨,೦೦೦ ಓಡಿದ್ದ ಕಾರು ಇಂದು ೪೮,೦೦೦ ತೋರಿಸುತ್ತಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಚಹಾ ಕುಡಿದು ಮನೆಗೆ ಹೊರಡಿ. ಕೊಡಲು ಹಿಂದೆಮುಂದೆ ನೋಡಿದರೂ ಒಂದು ಉತ್ತರ ಸಿಕ್ಕಿದಂತೆಯೇ.

ಕಾಗದವೇ ಇಲ್ಲದಿದ್ದರೆ ಗಾಡಿಯ ಸವೆತವನ್ನು ಓದಬೇಕು. ಕ್ಲಚ್ಚು, ಬ್ರೇಕುಗಳ ಪೆಡಲಿನ ರಬ್ಬರು ನುಣುಪಾಗಿದೆಯೇ? ಸ್ಟೀರಿಂಗಿನ ಹೊದಿಕೆ ಹೊಳೆಯುತ್ತಿದೆಯೇ? ಎತ್ತರದ ಗಾಡಿಗಳಲ್ಲಿ ಚಾಲಕ ಸೀಟಿನ ಬಾಗಿಲ ಕಡೆಯ ಅಂಚಿನ ಮೇಲೆ ಜಾರಿ ಹತ್ತುತ್ತಾನೆ, ಜಾರಿ ಇಳಿಯುತ್ತಾನೆ. ಆ ಅಂಚು ಕುಸಿದಿದ್ದರೆ ಆ ಕಾರಿಗೆ ಸಾವಿರಾರು ಸಲ ಹತ್ತಿ ಇಳಿದಿದ್ದಾರೆ. ಹೊಸ ಸೀಟುಕವರು ಹಾಕಿದ್ದರೆ ಸ್ವಲ್ಪ ಎತ್ತಿ ನೋಡಿ, ಸಭ್ಯತೆಗೇನೂ ಭಂಗವಿಲ್ಲ.

ಆದರೆ ಕಿಲೋಮೀಟರಿನ ವಿಚಾರದಲ್ಲಿ ನನಗೆ ಇನ್ನೂ ಒಂದು ಮಾತಿದೆ. ಅಂಕಿ ನಿಜವೇ ಆದರೂ ಅದು ಪೂರ್ತಿ ಕತೆಯನ್ನು ಹೇಳುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಓಡಾಡಿ ೯೦,೦೦೦ ಕಿಲೋಮೀಟರು ಮಾಡಿದ ಕಾರು ಐದನೆಯ ಗೇರಿನಲ್ಲಿ ನಿರಾಳವಾಗಿ ಉಸಿರಾಡಿದೆ. ಸಿಲ್ಕ್ ಬೋರ್ಡಿನಿಂದ ಹೆಬ್ಬಾಳಕ್ಕೆ ದಿನವೂ ತೆವಳಿ ೪೦,೦೦೦ ಮಾಡಿದ ಕಾರಿನಲ್ಲಿ ಎಂಜಿನ್ನು ಓಡಿದ ಗಂಟೆಗಳು ಅದಕ್ಕೆ ಸಮನಾಗಿರಬಹುದು; ಕ್ಲಚ್ಚಿನ ಮೇಲೆ ಬಿದ್ದ ಹೊಡೆತವಂತೂ ಖಂಡಿತ ಹೆಚ್ಚು. ಡೀಸೆಲ್ ಗಾಡಿಯಾದರೆ ಇನ್ನೊಂದು ತೊಡಕು. ೨೦೨೦ರ ಏಪ್ರಿಲ್ಲಿನಲ್ಲಿ ಬಿ.ಎಸ್.-೬ ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಜಾಲರಿ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಮನೆಯಿಂದ ತರಕಾರಿ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಓಡಾಡಿದ ಡೀಸೆಲ್ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಕಡಿಮೆ ಓಡಿದೆ ಎಂದು ಹೆಚ್ಚು ಬೆಲೆ ಕೊಟ್ಟು, ಆಮೇಲೆ ಜಾಲರಿಗೂ ದುಡ್ಡು ಕೊಡುವುದು ಎರಡು ಸಲ ತೆತ್ತ ಹಾಗೆ.

ಇಲ್ಲಿಂದ ಮುಂದೆ ನಿಜವಾಗಿ ಪ್ರಾಣದ ಪ್ರಶ್ನೆ. ಅಪಘಾತದಲ್ಲಿ ನಜ್ಜುಗುಜ್ಜಾಗಿ ಮತ್ತೆ ಎದ್ದ ಕಾರು, ನೀರಿನಲ್ಲಿ ಮುಳುಗಿ ಮತ್ತೆ ಒಣಗಿದ ಕಾರು, ಈ ಎರಡನ್ನು ಗುರುತಿಸಲು ಕಲಿತರೆ ಉಳಿದ ತಪ್ಪುಗಳೆಲ್ಲ ದುಡ್ಡಿನ ತಪ್ಪುಗಳು.

ಬಂಪರಿಗೆ ಗೀಟು ಬಿದ್ದದ್ದು, ಬಾಗಿಲು ನೆಗ್ಗಿದ್ದು ನಮ್ಮ ಊರುಗಳಲ್ಲಿ ಕಾರಿನ ಜಾತಕದಲ್ಲೇ ಬರೆದದ್ದು, ಅದಕ್ಕೆ ಹೆದರಬೇಕಾಗಿಲ್ಲ. ನೋಡಬೇಕಾದದ್ದು ಮೂಳೆಯನ್ನು. ಬಾನೆಟ್ಟು ಎತ್ತಿ, ಅದರ ಕೀಲಿನ ಬೋಲ್ಟುಗಳನ್ನೂ ಮಡ್‌ಗಾರ್ಡಿನ ಬೋಲ್ಟುಗಳನ್ನೂ ದೃಷ್ಟಿಸಿ ನೋಡಿ. ಕಾರ್ಖಾನೆಯಲ್ಲಿ ಬಣ್ಣ ಬಿದ್ದ ಬೋಲ್ಟಿನ ತಲೆಯ ಮೇಲೆ ಬಣ್ಣ ಅಖಂಡವಾಗಿರುತ್ತದೆ. ಸ್ಪ್ಯಾನರು ಹಾಕಿ ತಿರುಗಿಸಿದ್ದರೆ ಮೂಲೆಗಳಲ್ಲಿ ಬಣ್ಣ ಕಿತ್ತಿರುತ್ತದೆ. ಬಾಗಿಲುಗಳ ಸುತ್ತ ಅಂಟಿಸಿದ ರಬ್ಬರಿನ ಅಂಚುಪಟ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಕಂಬಗಳ ಮೇಲೆ ಯಂತ್ರ ಹಾಕಿದ ಬೆಸುಗೆಯ ದುಂಡು ಚುಕ್ಕೆಗಳು ಸಮ ಅಂತರದಲ್ಲಿ ಕಾಣುತ್ತವೆ. ಆ ಚುಕ್ಕೆಗಳು ಒಂದು ಕಡೆ ಇದ್ದು ಇನ್ನೊಂದು ಕಡೆ ಮಾಯವಾಗಿದ್ದರೆ, ಅಥವಾ ಒರಟಾದ ಕೈಬೆಸುಗೆ ಕಂಡರೆ, ಆ ಕಂಬವನ್ನು ಕತ್ತರಿಸಿ ಕೂಡಿಸಿದ್ದಾರೆ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಎತ್ತಿ ಅದರ ಗುಂಡಿಯ ತಗಡನ್ನು ನೋಡಿ. ಹಿಂದಿನಿಂದ ಬಲವಾಗಿ ಗುದ್ದಿಸಿಕೊಂಡ ಕಾರಿನಲ್ಲಿ ಅಲ್ಲಿ ಸುಕ್ಕು ಉಳಿದಿರುತ್ತದೆ. ಬೆಳಗಿನ ಬಿಸಿಲಿನಲ್ಲಿ ಮೂಲೆಯಿಂದ ಓರೆಯಾಗಿ ನೋಡಿದರೆ ಎರಡನೆಯ ಸಲ ಹೊಡೆದ ಬಣ್ಣ ಅಲೆಅಲೆಯಾಗಿ ಕಾಣುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಉಕ್ಕಿನ ತಗಡಿಗೆ ಅಂಟಿಕೊಳ್ಳುತ್ತದೆ, ದಪ್ಪ ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಕಾರು ನೋಡಲು ಕರೆದರೆ ಹೋಗಬೇಡಿ. ಮಳೆ ಬಿದ್ದು ಮೈ ಒದ್ದೆಯಾಗಿರುವಾಗಲೂ ಬೇಡ. ನೀರು ಎಂಥ ಕಾರಿಗೂ ಹೊಳಪು ಕೊಡುತ್ತದೆ.

ಅಪಘಾತವಾದ ಕಾರಿನಲ್ಲಿ ಇನ್ನೊಂದು ಅಪಾಯ ಏರ್‌ಬ್ಯಾಗಿನದು. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೆಟ್ಟಿದೆ, ಹೊತ್ತದೆಯೇ ಇದ್ದರೆ ಇನ್ನೂ ಕೆಟ್ಟದ್ದು, ದೀಪವನ್ನೇ ಯಾರೋ ತೆಗೆದಿರಬಹುದು. ಒಮ್ಮೆ ಬಿಚ್ಚಿಕೊಂಡ ಚೀಲಕ್ಕೆ ಹೊಸದು ಹಾಕಿಸದೆ ಮುಚ್ಚಳ ಅಂಟಿಸಿ ಮಾರುವವರಿದ್ದಾರೆ. ಜೊತೆಗೆ, ಕಾರು ಹುಟ್ಟಿದ ವರ್ಷವನ್ನೂ ನೆನಪಿಡಿ: ಚಾಲಕನ ಏರ್‌ಬ್ಯಾಗು ಎಲ್ಲ ಕಾರಿಗೂ ಕಡ್ಡಾಯವಾದದ್ದು ೨೦೧೯ರ ಜುಲೈಯಲ್ಲಿ; ಪಕ್ಕದವರದು ಕಡ್ಡಾಯವಾಗಿ ಎಲ್ಲ ಹೊಸ ಕಾರುಗಳಿಗೂ ಬಂದದ್ದು ೨೦೨೨ರ ಆರಂಭದಿಂದ. ಅದಕ್ಕೆ ಹಿಂದಿನ ಅಗ್ಗದ ಮಾದರಿಗಳಲ್ಲಿ ನಿಮ್ಮ ಹೆಂಡತಿಯೋ ತಾಯಿಯೋ ಕೂಡುವ ಸೀಟಿನ ಮುಂದೆ ಏನೂ ಇಲ್ಲದಿರಬಹುದು. ಪರದೆ, ಹಾಡಿನ ಪೆಟ್ಟಿಗೆ, ಚಾವಣಿಯ ಕಿಟಕಿ ಇವುಗಳ ಬಗ್ಗೆ ಕೇಳುವ ಮೊದಲು ಇದನ್ನು ಕೇಳುವುದು ಒಳ್ಳೆಯದು.

ನೀರಿಗೆ ಬಿದ್ದ ಕಾರಿನ ಮೋಸ ಇದಕ್ಕಿಂತ ನಯವಾದದ್ದು. ಚೆನ್ನೈಯಲ್ಲಿ ೨೦೧೫ರ ಡಿಸೆಂಬರಿನಲ್ಲಿ, ಮತ್ತೆ ೨೦೨೩ರ ಡಿಸೆಂಬರಿನಲ್ಲಿ, ಕೇರಳದಲ್ಲಿ ೨೦೧೮ರಲ್ಲಿ, ನಮ್ಮ ಬೆಂಗಳೂರಿನಲ್ಲೇ ಬೆಳ್ಳಂದೂರು ಯಮಲೂರುಗಳ ಕಡೆ ೨೦೨೨ರ ಸೆಪ್ಟೆಂಬರಿನಲ್ಲಿ ಕಾರುಗಳು ಬಾಗಿಲಿನ ಎತ್ತರದ ನೀರಿನಲ್ಲಿ ನಿಂತದ್ದನ್ನು ಚಿತ್ರಗಳಲ್ಲಿ ನೀವು ನೋಡಿದ್ದೀರಿ. ರಿಪೇರಿಯ ಖರ್ಚು ವಿಮೆಯ ಮೌಲ್ಯದ ಮುಕ್ಕಾಲು ಭಾಗವನ್ನು ಮೀರಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಎಣಿಸಿ ಯಜಮಾನನಿಗೆ ಹಣ ಕೊಡುತ್ತದೆ. ಕಾರನ್ನು ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಕೊಂಡವರೆಲ್ಲ ಅದನ್ನು ಬಿಡಿಭಾಗಕ್ಕಾಗಿಯೇ ಕೊಳ್ಳುವುದಿಲ್ಲ. ಒಣಗಿಸಿ, ಸುಗಂಧ ಸಿಂಪಡಿಸಿ, ಇನ್ನೊಂದು ಊರಿನಲ್ಲಿ ನಿಲ್ಲಿಸುತ್ತಾರೆ. ಆ ಕಾರು ಆ ದಿನ ಸರಾಗವಾಗಿ ಓಡುತ್ತದೆ. ತೊಂದರೆ ಬರುವುದು ಆರು ತಿಂಗಳಿಗೋ ವರ್ಷಕ್ಕೋ: ತಂತಿಗಳ ಕೂಡುಗಳಲ್ಲಿ ಹಸಿರು ಕಿಲುಬು ಕಟ್ಟಿ, ಶಿರಾಡಿ ಘಾಟಿಯ ನಡುರಾತ್ರಿಯಲ್ಲಿ ದೀಪ ಆರಿಹೋಗುತ್ತದೆ, ಇಲ್ಲವೇ ಸ್ಟೀರಿಂಗಿಗೆ ಬಲ ಕೊಡುವ ಮೋಟಾರು ನಿಲ್ಲುತ್ತದೆ.

ಇದನ್ನು ಹಿಡಿಯುವುದು ಹೇಗೆ? ಮೊದಲು ಮೂಗು. ಕಿಟಕಿ ಮುಚ್ಚಿ ಹತ್ತು ನಿಮಿಷ ಕುಳಿತುಕೊಳ್ಳಿ. ಒದ್ದೆ ಗೋಣಿಯ ವಾಸನೆ ಬಂದರೂ ಸಂದೇಹ, ಹೊಸ ಅತ್ತರಿನ ವಾಸನೆ ಅತಿಯಾಗಿ ಬಂದರೂ ಸಂದೇಹ. ಆಮೇಲೆ ಸೀಟು ಬೆಲ್ಟನ್ನು ತುದಿಯವರೆಗೆ ಎಳೆಯಿರಿ. ಹೊರಗಿನ ಎರಡು ಅಡಿಯನ್ನು ತೊಳೆಯುತ್ತಾರೆ. ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ ಹಾಗೆಯೇ ನಿಂತಿರುತ್ತದೆ. ನೆಲದ ರತ್ನಗಂಬಳಿಯ ಮೂಲೆ ಎತ್ತಿ ಕೆಳಗಿನ ಸ್ಪಂಜನ್ನು ಒತ್ತಿ. ಸೀಟಿನ ಕೆಳಗಿನ ಹಳಿಗಳು, ಸ್ಪ್ರಿಂಗುಗಳು, ಬೋಲ್ಟುಗಳು ತುಕ್ಕು ಹಿಡಿದಿವೆಯೇ ನೋಡಿ; ಕಾರಿನ ಒಳಗೆ ಮಳೆ ಬರುವುದಿಲ್ಲ, ಅಲ್ಲಿ ತುಕ್ಕಿಗೆ ಕಾರಣವಿರಬಾರದು. ಫ್ಯೂಸು ಪೆಟ್ಟಿಗೆಯ ಮುಚ್ಚಳ ತೆಗೆದು ಮೂಲೆಗಳಲ್ಲಿ ನಯವಾದ ಮಣ್ಣು ಕೂತಿದೆಯೇ ನೋಡಿ. ಹತ್ತು ವರ್ಷದ ಹಳೆಯ ಕಾರಿಗೆ ಹೊಚ್ಚಹೊಸ ನೆಲಹಾಸು, ಹೊಸ ಸೀಟು ಬಟ್ಟೆ ಎಲ್ಲವೂ ಒಟ್ಟಿಗೆ ಬಂದಿದ್ದರೆ, ಇಷ್ಟು ಔದಾರ್ಯಕ್ಕೆ ಕಾರಣವೇನೆಂದು ಕೇಳುವ ಹಕ್ಕು ನಿಮಗಿದೆ.

ಎಂಜಿನ್ನಿನ ವಿಚಾರ ಮೇಸ್ತ್ರಿಯ ಕೈಗೆ ಬಿಡುವುದೇ ಒಳ್ಳೆಯದು. ಆದರೆ ಅವನು ನಿಮ್ಮ ಮೇಸ್ತ್ರಿಯಾಗಿರಬೇಕು, ಮಾರುವವನು ತೋರಿಸಿದವನಲ್ಲ. ಅವನಿಗೆ ಕೂಲಿ ಕೊಡಬೇಕು, ಕಾರು ಕೊಳ್ಳಲಿ ಬಿಡಲಿ ಕೊಡಬೇಕು. “ಸುಮ್ಮನೆ ಒಂದು ಕಣ್ಣು ಹಾಕಪ್ಪಾ” ಎಂದರೆ ಅವನು ಒಂದೇ ಕಣ್ಣು ಹಾಕುತ್ತಾನೆ. ನೀವೇ ನೋಡಬಹುದಾದದ್ದು ಕೆಲವಿವೆ. ಬರುವ ಮೊದಲು ಸ್ಟಾರ್ಟು ಮಾಡಬೇಡಿ ಎಂದು ಹೇಳಿಟ್ಟು, ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬಿಸಿಯಾಗಿದ್ದರೆ ನಿಮಗಾಗಿ ಮೊದಲೇ ಎಬ್ಬಿಸಿ ಕೂರಿಸಿದ್ದಾರೆ. ತಣ್ಣಗಿರುವ ಎಂಜಿನ್ನು ಎದ್ದಾಗ ಹಿಂದೆ ನಿಂತು ಹೊಗೆ ನೋಡಿ: ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವ ಗುರುತು, ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ತಂಪಿನ ನೀರು ಒಳಗೆ ಸೇರುತ್ತಿರುವ ಗುರುತು. ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯ ಮೇಲಿನ ಬೆಣ್ಣೆಯಂಥ ನೊರೆ ಕಂಡರೆ ಅದೂ ಅದೇ ಕತೆ. ಕೆಲವು ಎಂಜಿನ್ನುಗಳಲ್ಲಿ ಕವಾಟಗಳನ್ನು ನಡೆಸುವುದು ರಬ್ಬರಿನ ಪಟ್ಟಿ, ಕೆಲವುಗಳಲ್ಲಿ ಉಕ್ಕಿನ ಸರಪಳಿ. ರೆನೋ ಡಸ್ಟರಿನ ೧.೫ ಲೀಟರು ಡೀಸೆಲಿನಲ್ಲಿ ಪಟ್ಟಿ. ಮೊದಲ ಬ್ರೆಝಾದ ೧.೩ ಲೀಟರು ಡೀಸೆಲಿನಲ್ಲಿ ಸರಪಳಿ. ಪಟ್ಟಿಯನ್ನು ಕಾಲಕಾಲಕ್ಕೆ ಬದಲಿಸದೆ ಅದು ಹರಿದರೆ ಎಂಜಿನ್ನೇ ಹೋಗುತ್ತದೆ. ಬದಲಿಸಿದ ಬಿಲ್ಲು ಇದೆಯೇ ಎಂದು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ.

ಓಡಿಸಿ ನೋಡುವುದಕ್ಕೆ ಬಡಾವಣೆಯ ಒಂದು ಸುತ್ತು ಸಾಲದು. ಮುಕ್ಕಾಲು ಗಂಟೆ ಬೇಕು. ಕೆಟ್ಟ ರಸ್ತೆಯೂ ಬೇಕು, ಒಳ್ಳೆಯ ರಸ್ತೆಯೂ ಬೇಕು. ರೇಡಿಯೋ ಆರಿಸಿ (ರೇಡಿಯೋದವರ ಪತ್ರಿಕೆಯಲ್ಲಿ ಈ ಮಾತು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ), ಮಾತಾಡುವ ದಲ್ಲಾಳಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಿಲರೇಟರು ಪೂರ್ತಿ ಒತ್ತಿ: ಎಂಜಿನ್ನಿನ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ಚು ಮುಗಿದಿದೆ. ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆ ಎಳೆಯಬಾರದು. ತಾನೇ ಗೇರು ಬದಲಿಸುವ ಗಾಡಿಯಾದರೆ ಏರಿನಲ್ಲಿ, ಟ್ರಾಫಿಕ್ಕಿನಲ್ಲಿ, ಹಿಮ್ಮುಖವಾಗಿ, ಮೂರೂ ಕಡೆ ನಡೆಸಿ ನೋಡಿ. ಜರ್ಕು ಹೊಡೆದರೆ “ಇದು ಹೀಗೇ ಸಾರ್” ಎಂಬ ಸಮಾಧಾನಕ್ಕೆ ಒಪ್ಪಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ: ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಉಬ್ಬುಗಳು ಚೆನ್ನಾಗಿದ್ದರೂ ಅಷ್ಟು ವಯಸ್ಸಾದ ರಬ್ಬರನ್ನು ಹೆದ್ದಾರಿಗೆ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ.

ಕಾರು ಹೀಗೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಕಾಗದಪತ್ರ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಕಾರು ಮನಸ್ಸಿಗೆ ಹಿಡಿಸಿದೆ, ಹಬ್ಬ ಹತ್ತಿರ ಬಂದಿದೆ, ಹೆಸರು ಬದಲಾವಣೆ ಆಮೇಲೆ ನೋಡಿಕೊಂಡರಾಯಿತು ಎಂಬ ಭಾವ. ಈ ‘ಆಮೇಲೆ’ ಎಂಬುದರ ಬೆಲೆಯನ್ನು ಸುಪ್ರೀಂ ಕೋರ್ಟು ೨೦೧೮ರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಂದು ಕಾರು ಒಬ್ಬರಿಂದ ಒಬ್ಬರಿಗೆ ನಾಲ್ಕು ಕೈ ದಾಟಿತ್ತು. ದಾಖಲೆಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಅಪಘಾತವಾಯಿತು, ಒಂದು ಜೀವ ಹೋಯಿತು. ನೊಂದವರಿಗೆ ಪರಿಹಾರ ಕೊಡಬೇಕಾದವನು ದಾಖಲೆಯಲ್ಲಿ ಹೆಸರಿರುವವನೇ ಎಂದು ಕೋರ್ಟು ತೀರ್ಮಾನಿಸಿತು. ಕಾರು ಅವನ ಕೈ ಬಿಟ್ಟು ಎಷ್ಟೋ ದಿನವಾಗಿತ್ತು. ಇದು ಮಾರುವವನಿಗೆ ಹೆಚ್ಚಿನ ಎಚ್ಚರಿಕೆ ಎಂದು ನೀವು ತಿಳಿಯಬಹುದು. ಆದರೆ ಇಂದು ಕೊಳ್ಳುವ ನೀವು ನಾಳೆ ಮಾರುವವರೇ. ಅಲ್ಲದೆ ಕಾರಿಗೆ ಆದ ಹಾನಿಯ ವಿಮೆ ತನ್ನಷ್ಟಕ್ಕೆ ನಿಮ್ಮ ಹೆಸರಿಗೆ ಬರುವುದಿಲ್ಲ. ಮೋಟಾರು ವಾಹನ ಕಾಯಿದೆಯ ಪ್ರಕಾರ ಕೊಂಡ ೧೪ ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು, ೩೦ ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾವಣೆಯ ವರದಿ ಆರ್.ಟಿ.ಓ.ಗೆ ಹೋಗಬೇಕು. ಇದಕ್ಕೆ ಬೇಕಾದ ಫಾರಂ ೨೯, ಫಾರಂ ೩೦ ಇವುಗಳಿಗೆ ಮಾರುವವನ ಸಹಿಯನ್ನು ದುಡ್ಡು ಕೊಡುವ ಹೊತ್ತಿಗೇ ಪಡೆಯಿರಿ.

ಹಣ ಕೊಡುವ ಮೊದಲು ಆರ್.ಟಿ.ಓ. ಕಚೇರಿಯಿಂದ ‘ಬಿ ಎಕ್ಸ್‌ಟ್ರಾಕ್ಟ್’ ತೆಗೆಸಿ ನೋಡಿ. ಯಜಮಾನ ಎಷ್ಟನೆಯವನು, ಸಾಲ ಇದೆಯೇ, ತೆರಿಗೆ ಕಟ್ಟಿದೆಯೇ ಎಂಬುದು ಅದರಲ್ಲಿರುತ್ತದೆ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಪತ್ರವೂ ಫಾರಂ ೩೫ ಕೂಡ ಬೇಕು. ಚಾಸಿಸಿನ ಮೇಲೆ ಕೆತ್ತಿದ ನಂಬರಿನ ಮೇಲೆ ತೆಳುಕಾಗದವಿಟ್ಟು ಪೆನ್ಸಿಲು ಉಜ್ಜಿದರೆ ಅಚ್ಚು ಮೂಡುತ್ತದೆ, ಅದು ಆರ್.ಸಿ.ಯ ನಂಬರಿಗೆ ಅಕ್ಷರಶಃ ಹೊಂದಬೇಕು. ಟ್ರಾಫಿಕ್ ಪೊಲೀಸರ ದಂಡ ಬಾಕಿ ಇದೆಯೇ ನೋಡಿ. ನಮ್ಮಲ್ಲಿ ಅದು ಎಷ್ಟು ಬೆಳೆದಿತ್ತೆಂದರೆ ೨೦೨೩ರ ಫೆಬ್ರವರಿಯಲ್ಲಿ ಸರಕಾರವೇ ಅರ್ಧ ರಿಯಾಯಿತಿ ಕೊಟ್ಟು ವಸೂಲಿ ಮಾಡಬೇಕಾಯಿತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಕಾಗದ ಹಳೆಯ ವಿಮಾ ಪಾಲಿಸಿ. ಅದರಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ಒಂದು ಸಾಲು ಇರುತ್ತದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ೨೦ ಶೇಕಡ, ಆಮೇಲೆ ೨೫, ೩೫, ೪೫, ಐದು ವರ್ಷಕ್ಕೆ ೫೦ ಶೇಕಡ ರಿಯಾಯಿತಿ. ಐದು ವರ್ಷದಿಂದ ಒಬ್ಬನೇ ಯಜಮಾನನ ಬಳಿ ಇರುವ, “ಒಂದು ಗೀಟು ಬೀಳದ” ಕಾರಿನ ಪಾಲಿಸಿಯಲ್ಲಿ ಈ ಸಾಲು ಸೊನ್ನೆ ಎಂದಿದ್ದರೆ, ಏನೋ ಆಗಿದೆ. ಏನಾಯಿತೆಂದು ಕೇಳಿ; ಹೇಳಿದ ಉತ್ತರ ಬೋಲ್ಟುಗಳು ಹೇಳಿದ್ದಕ್ಕೆ ಹೊಂದುತ್ತದೆಯೇ ನೋಡಿ. (ಈ ಬೋನಸ್ಸು ಮನುಷ್ಯನದು, ಕಾರಿನದಲ್ಲ, ನಿಮಗೆ ಬರುವುದಿಲ್ಲ. ಮಾರುವವನು ಬೇರೆ ಕಾರಿನಿಂದ ತಂದದ್ದೂ ಇರಬಹುದು. ಆದ್ದರಿಂದ ೫೦ ಎಂದಿದ್ದರೆ ಮೈಮರೆಯಬೇಡಿ, ಸೊನ್ನೆ ಎಂದಿದ್ದರೆ ಎಚ್ಚರಗೊಳ್ಳಿ.) ಅದೇ ಪಾಲಿಸಿಯಲ್ಲಿ ವಿಮಾ ಮೌಲ್ಯವೂ ಬರೆದಿರುತ್ತದೆ. ಹೊಸ ಬೆಲೆಯಿಂದ ಎರಡರಿಂದ ಮೂರು ವರ್ಷದ ಕಾರಿಗೆ ೩೦ ಶೇಕಡ, ನಾಲ್ಕರಿಂದ ಐದು ವರ್ಷದ ಕಾರಿಗೆ ೫೦ ಶೇಕಡ ಕಳೆದು ಅದನ್ನು ಕಟ್ಟುತ್ತಾರೆ. ಪೇಟೆಯ ಬೆಲೆ ಅದಕ್ಕಿಂತ ಮೇಲೆ ಕೆಳಗೆ ಹೋಗುವುದು ಸಹಜ. ಚೌಕಾಶಿಗೆ ಕೂಡಲು ಒಂದು ಮಣೆಯಾಯಿತು.

ದೆಹಲಿಯ ನಂಬರಿನ ಡೀಸೆಲ್ ಕಾರುಗಳು ಅಗ್ಗವಾಗಿ ಇಲ್ಲಿಗೆ ಬರುವುದುಂಟು. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಅಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟು ೨೦೧೮ರಲ್ಲಿ ಎತ್ತಿಹಿಡಿಯಿತು. ಆ ನಿಯಮ ಆಮೇಲೆ ಸಡಿಲವಾಗಲಿ ಬಿಗಿಯಾಗಲಿ, ಬೆಲೆ ಇಳಿದದ್ದು ಇಳಿದೇ ಇದೆ. ಅಗ್ಗವೆಂದು ಕೈಹಾಕುವ ಮೊದಲು ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ಮರುನೋಂದಣಿ, ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಇಷ್ಟನ್ನೂ ಕೂಡಿಸಿ. ಹೊಸ ಕಾರಿನ ಮೇಲೆ ನಮ್ಮ ರಾಜ್ಯದಲ್ಲಿ ಈ ತೆರಿಗೆ ಬೆಲೆಯ ೧೩ರಿಂದ ೧೮ ಶೇಕಡದವರೆಗೆ ಇರುವುದರಿಂದ ಹಳೆಯದರ ಮೇಲೂ ಅದು ಸಣ್ಣ ಮೊತ್ತವಾಗುವುದಿಲ್ಲ. ಇನ್ನು ಇಕೋಸ್ಪೋರ್ಟಿನಂಥ ಗಾಡಿಯ ಕಂಪನಿ ೨೦೨೧ರಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಗಾಡಿ ಒಳ್ಳೆಯದೇ, ಬೆಲೆಯೂ ಇಳಿದಿದೆ. ನಿಮ್ಮ ಊರಿಗೆ ಹತ್ತಿರ ಅದನ್ನು ಬಲ್ಲ ಮೇಸ್ತ್ರಿ, ಬಿಡಿಭಾಗ ಎರಡೂ ಇವೆಯೇ ಎಂದು ವಿಚಾರಿಸಿ ಕೊಳ್ಳಿ. ತುಮಕೂರಿನವರಿಗೆ ಸರಿಹೋದದ್ದು ಬೀದರಿನವರಿಗೆ ಸರಿಹೋಗಬೇಕೆಂದಿಲ್ಲ.

ವ್ಯಾಪಾರಿಯ ಮೂಲಕ ಕೊಳ್ಳುವುದಾದರೆ ೨೦೨೩ರ ಏಪ್ರಿಲ್ಲಿನಿಂದ ಜಾರಿಗೆ ಬಂದ ನಿಯಮದಂತೆ ಅವನಿಗೆ ಆರ್.ಟಿ.ಓ. ಕೊಟ್ಟ ಅಧಿಕಾರಪತ್ರ ಇರಬೇಕು. ಗೋಡೆಗೆ ತೂಗುಹಾಕಿದ್ದರೆ ಹತ್ತಿರ ಹೋಗಿ ಓದಿ. ಇಲ್ಲದಿದ್ದರೆ ಕಾರಿನ ಯಜಮಾನನನ್ನೇ ಮುಂದೆ ಕೂರಿಸಿಕೊಂಡು ವ್ಯವಹಾರ ಮಾಡಿ. ಯಾರೆಂದು ಕಾಣದ ಯಜಮಾನನ ಪರವಾಗಿ ಖಾಲಿ ಫಾರಮ್ಮಿಗೆ ಹಾಕಿದ ಸಹಿಯನ್ನು ಒಪ್ಪಬೇಡಿ. ಹಣವನ್ನು ಬ್ಯಾಂಕಿನ ಮೂಲಕ, ಆರ್.ಸಿ.ಯಲ್ಲಿ ಹೆಸರಿರುವವನ ಖಾತೆಗೇ ಕೊಡಿ. ಕೀಲಿ ಎರಡೂ ಕೇಳಿ ಪಡೆಯಿರಿ. ಕಾರನ್ನು ಒಪ್ಪಿಸಿದ ಚೀಟಿಯಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ, ಮೀಟರಿನ ಅಂಕಿಯನ್ನೂ ಬರೆಸಿ ಇಬ್ಬರೂ ಸಹಿ ಹಾಕಿ: ಅಂದು ಬೆಳಗ್ಗೆ ಹತ್ತಕ್ಕೆ ಅವನು ಕೆಂಪು ದೀಪ ದಾಟಿದ್ದರೆ ಆ ದಂಡ ಅವನದು, ಸಂಜೆ ನೀವು ದಾಟಿದರೆ ನಿಮ್ಮದು. ನಿಮ್ಮ ಹೆಸರಿನ ಹೊಸ ಆರ್.ಸಿ. ಕಾರ್ಡು ಅಂಚೆಯಲ್ಲಿ ಮನೆಗೆ ಬರುವವರೆಗೆ ಆ ಚೀಟಿಯ ಒಂದು ಪ್ರತಿ ಕಾರಿನಲ್ಲಿರಲಿ, ಇನ್ನೊಂದು ಪ್ರತಿ ಬೀರುವಿನಲ್ಲಿರಲಿ.